ಐದು ಡಿಗ್ರಿಯ ಅಂತರ

ಮೂರು ಬೆರಳುದ್ದದ ಹಿತ್ತಾಳೆಯ ತುಂಡೊಂದು ಒಂದು ಮನೆಯವರೆಲ್ಲರ ನಿದ್ರೆಯನ್ನು ಕೆಡಿಸಬಲ್ಲದೆಂದರೆ ವಾಚಕರು ನಕ್ಕಾರು. ಕಳೆದ ಆಟಿಯ ಮಳೆಯಲ್ಲಿ ಮಲ್ಪೆಗೆ ಹೋಗಿಬರುವವರೆಗೆ ನಾನೂ ನಗುತ್ತಿದ್ದೆನೋ ಏನೋ.

ಅಲ್ಲಿ ನನ್ನ ಸಹಪಾಠಿಯೊಬ್ಬರಿದ್ದಾರೆ. ಅವರದೊಂದು ಹಳೆಯ ಮೀನುಗಾರಿಕೆಯ ಬೋಟು. ಅದರ ಹೊಟ್ಟೆಯಲ್ಲಿ ಅಮೆರಿಕದ ವಿನ್ಯಾಸದ, ಬೋಟಿಗಿಂತಲೂ ಹಿರಿಯದಾದ ಡೀಸೆಲ್ ಎಂಜಿನ್. ಮಗನೇ ತಾಂಡೇಲ. ಮೇ ತಿಂಗಳ ಒಂದು ಸಂಜೆ, ದಡ ಕಾಣದಷ್ಟು ದೂರದಲ್ಲಿ, ಶಾಖ ತೋರಿಸುವ ಮುಳ್ಳು ಮೇಲೇರತೊಡಗಿತು. ಹುಡುಗನು ವೇಗ ತಗ್ಗಿಸಿದ. ಸ್ವಲ್ಪ ಹೊತ್ತಿನಲ್ಲಿ ಮುಳ್ಳು ತಾನಾಗಿಯೇ ಇಳಿಯಿತು. ಗಂಡಾಂತರ ಕಳೆಯಿತೆಂದು ಅವನು ನೆಮ್ಮದಿಯ ಉಸಿರುಬಿಟ್ಟ.

ಮೋಸವಿದ್ದುದೇ ಅಲ್ಲಿ. ಶಾಖಮಾಪಕದ ತುದಿ ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ಅದರ ಮಾತನ್ನು ನಂಬಬಹುದು. ಮುಳ್ಳು ಇಳಿದುದು ಎಂಜಿನ್ ತಣಿದುದರಿಂದಲ್ಲ, ನೀರು ಬರಿದಾದುದರಿಂದ. ಬಣ್ಣ ಸುಟ್ಟ ವಾಸನೆ ಮೂಗಿಗೆ ಬಡಿದೊಡನೆ ಹುಡುಗ ಎಂಜಿನ್ ನಿಲ್ಲಿಸಿದುದು ಪುಣ್ಯ. ಇನ್ನೊಂದು ಬೋಟಿನವರು ಹಗ್ಗ ಕಟ್ಟಿ ಎಳೆದು ತಂದರು. ಹುಡುಗನ ತಾಯಿ ಬೆಳಗಿನ ಜಾವದವರೆಗೆ ಬಂದರಿನ ಕಟ್ಟೆಯ ಮೇಲೆಯೇ ಕುಳಿತಿದ್ದರಂತೆ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ಬೋಟುಗಳು ಮೀನಿಗೆ ಹೋಗುವಂತಿಲ್ಲ. ದುರಸ್ತಿಗೆಲ್ಲ ಅದೇ ಕಾಲ. ನಾನು ಹೋದ ದಿನ ಮೇಸ್ತ್ರಿ ಬಂದಿದ್ದರು. ಬಿಸಿಗೆ ಹಾಳಾದ ಗ್ಯಾಸ್ಕೆಟ್ಟನ್ನು ಆಗಲೇ ಬದಲಾಯಿಸಿ ಮುಗಿಸಿದ್ದರು. ನೀರು ಹೋದುದೆಲ್ಲಿಂದ ಎಂಬುದಷ್ಟೇ ಉಳಿದಿತ್ತು.

ಸುತ್ತಲೂ ಕಡಲಿರುವಾಗ ನೀರಿಗೇಕೆ ಬರ ಎಂದು ನಾನು ಕೇಳಿದೆ. ಉಪ್ಪುನೀರನ್ನೇ ಎಂಜಿನಿನೊಳಗೆ ಹರಿಸಿದರೆ ಕಬ್ಬಿಣವನ್ನು ಅದು ತಿಂದುಹಾಕುತ್ತದೆ. ಆದುದರಿಂದ ಇಂಥ ಎಂಜಿನುಗಳಲ್ಲಿ ಎರಡು ನೀರು. ಒಳಗೆ ಸುತ್ತುವುದು ಕೂಲೆಂಟ್ ಬೆರೆಸಿದ ಸಿಹಿನೀರು. ಕೂಲರಿನ ನಳಿಗೆಗಳ ಗೋಡೆಯ ಆಚೆಯಿಂದ ಅದರ ಬಿಸಿಯನ್ನು ಹೊತ್ತೊಯ್ಯುವುದು ಕಡಲನೀರು. ಒಂದಕ್ಕೊಂದು ಬೆರೆಯುವಂತಿಲ್ಲ. ಸಿಹಿನೀರಿನ ತೊಟ್ಟಿ ಎಂಜಿನಿನ ತಲೆಯ ಮೇಲಿರುತ್ತದೆ, ಅದಕ್ಕೊಂದು ಸ್ಪ್ರಿಂಗಿನ ಮುಚ್ಚಳ. ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ: ಪ್ರೆಷರ್ ಕುಕ್ಕರಿನ ನ್ಯಾಯವೇ ಇಲ್ಲಿಯದೂ. ಚದರ ಇಂಚಿಗೆ 7 ಪೌಂಡಿನ ಒತ್ತಡವಿದ್ದರೆ ನೀರು 100 ಡಿಗ್ರಿಗೆ ಕುದಿಯದೆ 110 ದಾಟುವವರೆಗೂ ತಡೆದುಕೊಳ್ಳುತ್ತದೆ. ಬಿಸಿಯಿರುವಾಗ ಮುಚ್ಚಳ ತೆರೆದವನ ಮುಖ ಬೆಂದುಹೋಗುವುದೂ ಈ ಕಾರಣದಿಂದಲೇ.

ತೊಟ್ಟಿಯ ಅಡಿಯಲ್ಲಿ ಒಂದು ಹಿತ್ತಾಳೆಯ ನಿಪ್ಪಲ್. ರಬ್ಬರು ಕೊಳವೆಯನ್ನು ಹಿಡಿದುಕೊಂಡಿರುವುದು ಅದೇ. ಅದರ ಬುಡದಲ್ಲಿ ಹಸಿರುಬಣ್ಣದ ಒಣ ಹಕ್ಕಳೆ ಕಟ್ಟಿತ್ತು. ಕಾದ ಲೋಹದ ಮೇಲೆ ಸೋರುವ ಹನಿ ಅಲ್ಲಿಯೇ ಆವಿಯಾಗುತ್ತದೆ. ನೆಲಕ್ಕೆ ಬಿದ್ದು ದೂರು ಹೇಳುವುದಿಲ್ಲ.

“ಇದು ಕೂತದ್ದಲ್ಲ ಮಾರಾಯ್ರೇ, ಕೂತ ಹಾಗೆ ಮಾಡಿದ್ದು,” ಎಂದರು ಮೇಸ್ತ್ರಿ.

ಸ್ನೇಹಿತರು ತಲೆ ತಗ್ಗಿಸಿದರು. ಹಿಂದಿನ ವರ್ಷ ಹಳೆಯ ನಿಪ್ಪಲ್ ಸವೆದಾಗ ಅವರೇ ಪೇಟೆಯ ಅಂಗಡಿಯೊಂದರಿಂದ ಅರ್ಧ ಇಂಚಿನದೊಂದನ್ನು ತಂದು, ಟೆಫ್ಲಾನ್ ಟೇಪು ಸುತ್ತಿ, ಬಿಗಿದಿದ್ದರು. ಅಂಗಡಿಯವನದು ತಪ್ಪೆನ್ನುವಂತಿಲ್ಲ. ಕೇಳಿದುದು ಅರ್ಧ ಇಂಚು, ಕೊಟ್ಟುದೂ ಅರ್ಧ ಇಂಚು. (ಅಳೆದು ನೋಡಿದರೆ ಹೊರಮೈ 21 ಮಿಲಿಮೀಟರಿನಷ್ಟಿರುತ್ತದೆ! ಕೊಳವೆಯ ಲೆಕ್ಕದಲ್ಲಿ ಅದಕ್ಕೆ ಅರ್ಧ ಇಂಚೆಂದೇ ಹೆಸರು.)

ಮೇಸ್ತ್ರಿ ಜೇಬಿನಿಂದ ಹಲ್ಲುಹಲ್ಲಿನ ಎರಡು ತಗಡುಗಳನ್ನು ತೆಗೆದು ತಿರುಪಿನ ಗೀರುಗಳಿಗೆ ಹಿಡಿದು ತೋರಿಸಿದರು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಿರುಪಿನ ಗೀರಿಗೆ 55 ಡಿಗ್ರಿಯ ಕೋನವಿರಲೆಂದರು. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ 60 ಇರಲೆಂದರು. ಎರಡು ದೇಶಗಳ ಕೊಳವೆಗಳೂ ಅದೇ ಕೋನಗಳನ್ನು ಹಿಡಿದುಕೊಂಡವು. ನಮ್ಮ ದೇಶದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಕ್ಕುವುದು ಇಂಗ್ಲಿಷ್ ಕ್ರಮದ್ದು; ಈ ತೊಟ್ಟಿಯದು ಅಮೆರಿಕದ್ದು. ಬೇರೆ ಅಳತೆಗಳಲ್ಲಾದರೆ ಎರಡು ಸುತ್ತಿಗೇ ಗುಟ್ಟು ರಟ್ಟಾಗುತ್ತಿತ್ತು. ಆದರೆ ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡು ಕ್ರಮಗಳಿಗೂ ಇಂಚಿಗೆ 14 ಗೀರುಗಳೇ; ಅರ್ಧ ಇಂಚಿನ ಹೊರ ಅಳತೆಯಲ್ಲಿ ಅರ್ಧ ಮಿಲಿಮೀಟರಿನ ಅಂತರವೂ ಇಲ್ಲ. ಕೈಗೆ ಸರಾಗವಾಗಿ ಸುತ್ತಿಕೊಳ್ಳುತ್ತದೆ. ತಣ್ಣಗಿರುವಾಗ ಟೇಪು ಮಾನ ಕಾಪಾಡುತ್ತದೆ. ಬಿಸಿಯೂ ನಡುಕವೂ ಕೂಡಿದಾಗ ಐದು ಡಿಗ್ರಿಯ ಆ ಸಂದಿನಿಂದ ನೀರು ದಾರಿ ಹುಡುಕಿಕೊಳ್ಳುತ್ತದೆ.

“ಇನ್ನೆರಡು ಸುತ್ತು ಬಿಗಿದರೆ ನಿಲ್ಲುವುದಿಲ್ಲವೇ?” ಎಂದೆ, ನನ್ನ ಜಾಣತನವನ್ನೂ ತೋರಿಸಬೇಕಲ್ಲ. ಮೇಸ್ತ್ರಿ ನಕ್ಕುಬಿಟ್ಟರು. ಈ ತಿರುಪು ತುದಿಗೆ ಕಿರಿದು, ಬುಡಕ್ಕೆ ದಪ್ಪ. ಬಿಗಿದಷ್ಟೂ ಬೆಣೆಯಂತೆ ಒಳಹೊಗುತ್ತದೆ. ತೊಟ್ಟಿಯೋ ಬೀಡುಕಬ್ಬಿಣದ್ದು, ಬಗ್ಗುವ ಜಾತಿಯದಲ್ಲ, ಸೀಳುತ್ತದೆ. ಈ ಎಂಜಿನಿಗೆ ಇನ್ನೊಂದು ತೊಟ್ಟಿಯನ್ನು ಎಲ್ಲಿಂದ ತರುವುದು?

ಮರುದಿನ ಉಡುಪಿಯ ಲೇತಿನಲ್ಲಿ 60 ಡಿಗ್ರಿಯ ಹೊಸ ನಿಪ್ಪಲ್ ಕಡೆಸಿದರು. ಹಿತ್ತಾಳೆ ಬೇಡ, ಗನ್‌ಮೆಟಲ್ ಇರಲಿ ಎಂದು ಮೇಸ್ತ್ರಿಯ ಹಟ. ಕಡಲ ಉಪ್ಪು ಹಿತ್ತಾಳೆಯೊಳಗಿನ ಸತುವನ್ನು ಹೀರಿದರೆ ಉಳಿಯುವುದು ನಸುಗೆಂಪಿನ, ಟೊಳ್ಳಾದ ತಾಮ್ರ. ಅವರು ಅಂಥ ತುಂಡುಗಳನ್ನು ಬೆರಳಿನಿಂದಲೇ ಮುರಿದಿದ್ದಾರಂತೆ. ತೊಟ್ಟಿಯ ಗೀರುಗಳಿಂದ ಹಳೆಯ ಟೇಪಿನ ಚೂರುಗಳನ್ನೆಲ್ಲ ಸೂಜಿಯಿಂದ ಕೆದಕಿ ತೆಗೆಯಲು ಒಂದು ಗಂಟೆ ಹಿಡಿಯಿತು. ಕೂರಿಸಿದುದು ಐದೇ ನಿಮಿಷದಲ್ಲಿ: ಕೈಯಿಂದ ಬಿಗಿಯಾಗುವವರೆಗೆ, ಆಮೇಲೆ ಸ್ಪ್ಯಾನರಿನಿಂದ ಒಂದೂವರೆ ಸುತ್ತು.

ನೀರು ತುಂಬಿ, ಮುಚ್ಚಳದ ಜಾಗದಲ್ಲಿ ಕೈಪಂಪು ಕೂರಿಸಿ 7 ಪೌಂಡಿಗೆ ಒತ್ತಿದರು. ಮುಳ್ಳು ಕದಲಲಿಲ್ಲ. ಅಷ್ಟಕ್ಕೇ ತೃಪ್ತಿಪಡದೆ ನಿಪ್ಪಲಿನ ಬುಡಕ್ಕೆ ಒಣ ವೃತ್ತಪತ್ರಿಕೆಯ ಪಟ್ಟಿಯೊಂದನ್ನು ಸುತ್ತಿ, ಕಟ್ಟೆಗೆ ಕಟ್ಟಿದಂತೆಯೇ ಒಂದು ಗಂಟೆ ಎಂಜಿನ್ ಓಡಿಸಿದರು. ಶಾಖ 80ರ ಆಸುಪಾಸಿನಲ್ಲಿ ನಿಂತಿತು. ಹೊರಗೆ ಮಳೆ ಹುಯ್ಯುತ್ತಿದ್ದಿತು. ಮೈಮೇಲೆ ಒಣಗಿದ ಬಟ್ಟೆಯಿದ್ದವರು ನಮ್ಮಲ್ಲಿ ಯಾರೂ ಇರಲಿಲ್ಲ. ಪಟ್ಟಿ ಬಿಚ್ಚಿದರು. ಕಾಗದ ಗರಿಗರಿಯಾಗಿತ್ತು.

ಹುಡುಗನ ತಾಯಿ ಅದನ್ನು ಕೈಗೆ ತೆಗೆದುಕೊಂಡು ಎರಡು ಕಡೆಯೂ ತಿರುಗಿಸಿ ನೋಡಿದರು. “ಇಂಥದ್ದು ಇನ್ನೊಂದು ಮಾಡಿಸಿದ್ದೀರಾ?” ಎಂದಷ್ಟೇ ಕೇಳಿದರು. ಮಾಡಿಸಿರಲಿಲ್ಲ. ಮೇಸ್ತ್ರಿ ಅಂದೇ ಸಂಜೆ ಮತ್ತೆ ಉಡುಪಿಗೆ ಹೋಗಬೇಕಾಯಿತು. ಎರಡನೆಯದು ಈಗ ತಾಂಡೇಲನ ಪೆಟ್ಟಿಗೆಯಲ್ಲಿದೆ. ಅದರ ಮೈಮೇಲೆ ಬಿಳಿಯ ಬಣ್ಣದಲ್ಲಿ 60 ಎಂದು ಬರೆದಿದೆ.