ಕಾಡಿಗೆ ಹೋಗೋಕೆ ಕಾರಣ ಬೇಕಾ? (ಕ್ಯಾಂಪಿಂಗ್ ಕಥೆ, ಮೊದಲನೇ ದಿನ)

ಟೆಂಟ್ ಫೋಟೋ ಹಾಕಿದ ಹತ್ತೇ ನಿಮಿಷಕ್ಕೆ ಚಿಕ್ಕಪ್ಪನ ಕಾಮೆಂಟ್ ಬಂತು: "ಊರಿಗೆ ಬರೋಕೆ ರಜೆ ಇಲ್ಲ, ಕಾಡಿಗೆ ಹೋಗೋಕೆ ರಜೆ ಇದೆ. ಹೊಸನಗರದಲ್ಲಿ ಕಾಡು ಖಾಲಿ ಆಗಿತ್ತಾ ಮಗಾ?" ಅದಕ್ಕೆ ಇಪ್ಪತ್ಮೂರು ಲೈಕ್. ಒತ್ತಿದವರ ಹೆಸರೆಲ್ಲ ನೋಡ್ಕೊಂಡಿದೀನಿ, ಇರ್ಲಿ. ಚಿಕ್ಕಪ್ಪ, ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಈ ಸಲ ನಗೋ ಎಮೋಜಿ ಹಾಕಿ ಸುಮ್ಮನಾಗಲ್ಲ.

ಮೊದಲು ರಜೆ ಲೆಕ್ಕ. ಸಿಕ್ಕಿದ್ದು ನಾಲ್ಕು ದಿನ. ಬ್ರಾಂಪ್ಟನ್‌ನಿಂದ ಹೊಸನಗರದ ಮನೆ ಬಾಗಿಲಿಗೆ ಬರೋಕೇ ಹತ್ತಿರ ಹತ್ತಿರ ಎರಡು ದಿನ, ವಾಪಸ್ ಬರೋಕೆ ಇನ್ನೆರಡು. ಹೊಸಿಲು ಮುಟ್ಟಿ ಓಡಿ ಬರ್ಲಾ? ಮೂರು ವರ್ಷದಿಂದ ಬಂದಿಲ್ಲ ಅನ್ನೋದು ನಿಜ. ಅಜ್ಜಿ ಹೋದಾಗಲೂ ಫೋನಲ್ಲೇ ಅತ್ತಿದ್ದು. ಆ ಮಾತು ಹೇಳಿ, ತಲೆ ತಗ್ಗಿಸ್ತೀನಿ. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ.

ಈ ಜಾಗ ಸಿಕ್ಕಿದ್ದೂ ಸುಮ್ಮನೆ ಅಲ್ಲ. ಇಲ್ಲಿ ಒಂಟಾರಿಯೋ ಪಾರ್ಕ್‌ಗಳಲ್ಲಿ ಟೆಂಟ್ ಜಾಗದ ಬುಕಿಂಗ್ ಐದು ತಿಂಗಳು ಮೊದಲೇ, ಬೆಳಿಗ್ಗೆ 7ಕ್ಕೆ ತೆರೆಯುತ್ತೆ. ನನ್ನ ನೈಟ್ ಡ್ಯೂಟಿ ಮುಗಿಯೋದೂ ಅದೇ ಏಳಕ್ಕೆ. ಫೆಬ್ರವರಿಯಲ್ಲಿ ನಾನು ವಾರ್ಡಲ್ಲಿ ಹ್ಯಾಂಡೋವರ್ ಕೊಡ್ತಿದ್ರೆ, ಮನೇಲಿ ಇವರು ಲ್ಯಾಪ್‌ಟಾಪ್ ಮುಂದೆ ಕೂತು ಜುಲೈಗೆ ಜಾಗ ಹಿಡಿದ್ರು.

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಹೊರಟ್ವಿ. 400 ಹೆದ್ದಾರಿಯಲ್ಲಿ ಬ್ಯಾರಿ, ಅಲ್ಲಿಂದ 11 ಹಿಡಿದು ಹಂಟ್ಸ್‌ವಿಲ್, ಆಮೇಲೆ 60. ಗ್ರೇವನ್‌ಹರ್ಸ್ಟ್ ಬರೋ ಹೊತ್ತಿಗೆ ರಸ್ತೆಯ ಎರಡೂ ಕಡೆ ಸೀಳಿದ ಗುಲಾಬಿ ಬಣ್ಣದ ಬಂಡೆ, ಅದರ ನೆತ್ತಿ ಮೇಲೆ ಪೈನ್ ಮರ. ನಾವು ಹೋಗಿದ್ದು ಆಲ್ಗೊಂಕ್ವಿನ್ ಪಾರ್ಕ್. 1893ರಲ್ಲಿ ಆಗಿದ್ದು, ಸುಮಾರು 7,600 ಚದರ ಕಿಲೋಮೀಟರ್. ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು ಅಷ್ಟೇ. ಸ್ವರ್ಗ ಅಂತ ಹೇಳ್ತಿಲ್ಲ. ಅದರೊಳಗೆ ಇವತ್ತಿಗೂ ಮರ ಕಡೀತಾರೆ, ಆ ಹೆಸರಿನ ಮೂಲನಿವಾಸಿಗಳು ತಮ್ಮ ನೆಲದ ಹಕ್ಕಿಗೆ ಸರ್ಕಾರದ ಜೊತೆ ಇನ್ನೂ ಮಾತಾಡ್ತಾನೇ ಇದಾರೆ. ಸೊಳ್ಳೆ ಬಗ್ಗೆ ಕೇಳ್ಬೇಡಿ.

ಈಗ "ಊರಲ್ಲಿ ಕಾಡಿಲ್ವಾ" ಅನ್ನೋದಕ್ಕೆ ಬರ್ತೀನಿ. ಇದೆ ಚಿಕ್ಕಪ್ಪ, ಮನೆ ಹಿಂದೇನೇ ಇದೆ. ಹದಿನೆಂಟು ವರ್ಷ ಅದರ ಪಕ್ಕ ಬೆಳೆದೆ, ಒಂದು ದಿನವೂ ಸುಮ್ಮನೆ ಹೋಗಿ ಕೂತಿದ್ದು ನೆನಪಿಲ್ಲ. ನೀವು ಹೋಗ್ತಿದ್ರಿ. ಜೇನು ಅಂತ ಹೋಗ್ತಿದ್ರಿ, ಮುಂಗಾರು ಹಿಡಿದ ಕೂಡ್ಲೇ ಬ್ಯಾಟರಿ ಹಿಡ್ಕೊಂಡು ಹತ್ತು ಮೀನಿಗೆ ಹೋಗ್ತಿದ್ರಿ. ಬೆಳಗಿನ ಜಾವ ಬರಿಗೈಲಿ ನಗ್ತಾ ಬಂದ್ರೂ ಯಾರೂ ಯಾಕೆ ಅಂತ ಕೇಳ್ತಿರಲಿಲ್ಲ. ಅಮ್ಮ, ಚಿಕ್ಕಮ್ಮ, ನಾವು ಹುಡುಗೀರು ಹೋಗಿದ್ದು ದರಗು ಗುಡಿಸೋಕೆ, ಸೊಪ್ಪಿಗೆ, ಸೌದೆಗೆ. ತಲೆ ಮೇಲೆ ಹೊರೆ ಇಲ್ಲದೆ ಕಾಡಿಂದ ಬಂದ ಹೆಂಗಸು ನಮ್ಮೂರಲ್ಲಿ ಕಥೆ ಆಗ್ತಾಳೆ.

2019ರಲ್ಲಿ ಸಾಗರದ ಅರಳಗೋಡಿನಲ್ಲಿ ಮಂಗನ ಕಾಯಿಲೆಗೆ ಜನ ಸಾಯ್ತಿದ್ದಾಗ ಫೋನ್ ಮಾಡಿ ಬೇಡ್ಕೊಂಡೆ, "ಈ ವರ್ಷ ದರಗಿಗೆ ಹೋಗ್ಬೇಡಮ್ಮ, ಉಣುಗು ಕಚ್ಚುತ್ತೆ" ಅಂತ. ಅಮ್ಮ ಕಾಲಿಗೆ ಡಿಎಂಪಿ ಎಣ್ಣೆ ಹಚ್ಕೊಂಡು ಹೋದ್ಲು. ಕೊಟ್ಟಿಗೆಗೆ ಹಾಸೋಕೆ ಬೇಕಲ್ಲ. ಆಗ ನಿಮ್ಮಲ್ಲಿ ಯಾರೂ "ಕಾಡಿಗೆ ಯಾಕೆ ಹೋಗ್ತೀ" ಅಂತ ಕೇಳಲಿಲ್ಲ. ಇಪ್ಪತ್ಮೂರು ಜನದಲ್ಲಿ ಒಬ್ಬರೂ.

ಆ ನಾಲ್ಕು ದಿನ ಓವರ್‌ಟೈಮ್ ಮಾಡಿದ್ರೆ ಅಮ್ಮನ ಮಂಡಿ ಆಪರೇಷನ್‌ಗೆ ಆಗ್ತಿತ್ತು ಅಂತ ಇನ್ನೊಬ್ರು ಇನ್‌ಬಾಕ್ಸಿಗೆ ಬರೆದಿದಾರೆ. ಆ ದುಡ್ಡು ಕಳಿಸಿ ಆಗಿದೆ. ಡೇಟ್ ತಗೊಳ್ಳದೇ ಇರೋದು ಅಮ್ಮ. ಮೊದಲು ದರಗು ಮುಗೀಲಿ ಅಂದ್ಲು, ಈಗ ನಾಟಿ ಮುಗೀಲಿ ಅಂತಾಳೆ. ಅಮ್ಮನಿಗೆ ಸುಮ್ಮನೆ ಕೂರೋದನ್ನ ಯಾರೂ ಕಲಿಸಲಿಲ್ಲ, ಅಪ್ಪನೂ ಇಲ್ಲ, ನೀವೂ ಇಲ್ಲ, ನಾನೂ ಇಲ್ಲ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಬಂದು ನಾನೂ ಮನೇಲಿ ಕೂರಲ್ಲ. ಕೂತರೆ ತಪ್ಪು ಮಾಡಿದ ಹಾಗೆ ಅನಿಸುತ್ತೆ. ಆ ಅನಿಸಿಕೆ ಎಲ್ಲಿಂದ ಬಂತು ಅಂತ ನಿಮ್ಮ ಕಾಮೆಂಟ್ ಓದಿದಾಗ ಗೊತ್ತಾಯ್ತು.

ಟೂ ರಿವರ್ಸ್ ಕೆರೆ ಹತ್ತಿರ ನಮ್ಮ ಜಾಗ. ಟೆಂಟ್ ಹಾಕಿ ಅಭ್ಯಾಸಬಲದಿಂದ ನಾನು ಒಲೆಗೆ ಕಡ್ಡಿ ಆರಿಸೋಕೆ ಹೊರಟೆ. ಇವರು ಬೋರ್ಡ್ ತೋರಿಸಿದ್ರು: ಇಲ್ಲಿ ಬಿದ್ದ ಕಡ್ಡಿಯನ್ನೂ ಎತ್ತೋ ಹಾಗಿಲ್ಲ. ಸೌದೆ ಪಾರ್ಕಿನಲ್ಲೇ ಮಾರ್ತಾರೆ. ಕಾಡಲ್ಲಿ ಕೂತು ದುಡ್ಡು ಕೊಟ್ಟು ಸೌದೆ! ಅದಂತೂ ಊರಲ್ಲಿ ಹೇಳಿದ್ರೆ ನಗ್ತೀರ. ಕರಡಿ ಬರುತ್ತೆ ಅಂತ ಪುಳಿಯೋಗರೆ ಡಬ್ಬಿ, ಉಪ್ಪಿನಕಾಯಿ ಎಲ್ಲ ಕಾರೊಳಗೆ. ಇಲ್ಲೂ ಉಣುಗಿದೆ, ಲೈಮ್ ಕಾಯಿಲೆ ತರೋದು. ಸಂಜೆ ಮಗಳ ಮಂಡಿ ಹಿಂದೆ, ಕಿವಿ ಹಿಂದೆ, ಕೂದಲಲ್ಲಿ ಹುಡುಕಿ ನೋಡಿದೆ. ಆಮೇಲೆ ಅವಳು ಕೇಳಿದ್ಲು, "ಈಗ ಏನ್ ಮಾಡ್ಬೇಕಮ್ಮ?" ಏನೂ ಇಲ್ಲ ಅಂದೆ. ಕೆರೆಯಲ್ಲಿ ಲೂನ್ ಹಕ್ಕಿ ಕೂಗ್ತಿತ್ತು, ಇಲ್ಲಿನ ಒಂದು ಡಾಲರ್ ನಾಣ್ಯದ ಮೇಲಿರೋದೇ.

ರಾತ್ರಿ ಎಂಟಕ್ಕೆ, ಅಂದ್ರೆ ಅಲ್ಲಿ ಬೆಳಿಗ್ಗೆ ಐದೂವರೆಗೆ, ಅಂಗಡಿ ಹತ್ತಿರ ಸಿಗ್ನಲ್ ಸಿಕ್ತು. ಅಮ್ಮ ಹಾಲು ಕರೆಯೋಕೆ ಎದ್ದಿದ್ಲು. ವಿಡಿಯೋದಲ್ಲಿ ಮರ, ಕೆರೆ ಎಲ್ಲ ತೋರಿಸಿದೆ. ಅವಳು ನೋಡಿದ್ದು ನೆಲ.

"ಅಷ್ಟೂ ದರಗು ಹಾಗೇ ಬಿದ್ದಿದೆಯಲ್ಲೇ, ಯಾರೂ ಗುಡ್ಸಲ್ವಾ?"

"ಇಲ್ಲಮ್ಮ, ಯಾರೂ ಗುಡ್ಸಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ಲು. "ಇನ್ನೊಂದ್ಸಲ ತೋರ್ಸು" ಅಂದ್ಲು.

(ಇವತ್ತು ನೈಟ್ ಡ್ಯೂಟಿ. ಎರಡನೇ ದಿನದ್ದು ನಾಳೆ ಬರೀತೀನಿ.)