ಕುರಕುಂಟಾಕ್ಕೂ ಒಂದು ಫೋಟೋ ಪುಸ್ತಕ

ಫೋಟೋ ಪುಸ್ತಕವೆಂದರೆ ಮದುವೆಯ ಆಲ್ಬಮ್ ಎಂದು ನಮ್ಮ ವಾಚಕರಲ್ಲಿ ಹಲವರು ಭಾವಿಸಿರಬಹುದು. ಅದಲ್ಲ. ಒಂದು ಚಿತ್ರದ ಎದುರಿಗೆ ಇನ್ನೊಂದನ್ನಿಟ್ಟು, ಹಾಳೆ ತಿರುವಿದಂತೆ ಕಥೆ ಬೆಳೆಯುವ ಹಾಗೆ ಜೋಡಿಸಿದ ಗ್ರಂಥವದು. ಗೋಡೆಯ ಮೇಲಿನ ಚಿತ್ರವನ್ನು ಅದರ ಒಡೆಯನ ಮನೆಗೇ ಹೋಗಿ ನೋಡಬೇಕು. ಪುಸ್ತಕವಾದರೋ ವಾಚನಾಲಯದ ಮೇಜಿಗೆ ತಾನೇ ಬರಬಲ್ಲದು. ಈ ಕಲೆಯಲ್ಲಿ ನಮಗಿರುವ ಆಸ್ಥೆಗೆ ಅದೇ ಕಾರಣ.

ಬರಬಲ್ಲದು ನಿಜ, ಬಂದಿದೆಯೆ? 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಎಂಬ ಪ್ರಕಾಶಕರು ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಗ್ರಂಥವನ್ನು ಹೊರತಂದರು. ಡಾಕ್ಟರ್ ಪಿಗೂ, ನೀಲ್, ಕರ್ನಲ್ ಬಿಗ್ಸ್ ಇವರು ತೆಗೆದ ಚಿತ್ರಗಳು. ಚರಿತ್ರೆ ಬರೆದವನು ನಮ್ಮ ಸುರಪುರದವರಿಗೆ ಚೆನ್ನಾಗಿ ಗೊತ್ತಿರುವ ಮೆಡೋಸ್ ಟೇಲರ್. ಫೋಟೋವನ್ನು ಅಕ್ಷರದೊಡನೆ ಅಗ್ಗವಾಗಿ ಅಚ್ಚುಹಾಕುವ ಉಪಾಯ ಆಗ ಇರಲಿಲ್ಲ. ಪ್ರತಿಯೊಂದು ಪುಸ್ತಕದಲ್ಲೂ ನಿಜವಾದ ಫೋಟೋಗಳನ್ನೇ ಅಂಟಿಸಿದರು. ಕಲ್ಲು ಕೆತ್ತಿದವರ ನಾಡಿಗೆ ಆ ಪುಸ್ತಕ ಕೈಗೆಟುಕದ ವಸ್ತುವಾಯಿತು.

ಮಾರ್ಟಿನ್ ಪಾರ್ ಮತ್ತು ಜೆರ್ರಿ ಬ್ಯಾಜರ್ 2004ರಲ್ಲಿ ಫೋಟೋ ಪುಸ್ತಕಗಳ ಚರಿತ್ರೆಯ ಮೊದಲ ಸಂಪುಟ ಪ್ರಕಟಿಸಿದರು. ಅವರು ಹೆಸರಿಸಿದ ಪುಸ್ತಕಗಳ ಬೆನ್ನುಹತ್ತಿ ಸಂಗ್ರಾಹಕರು ಹೊರಟರು, ಬೆಲೆ ಏರಿತು. ಮೊದಲ ಮುದ್ರಣವೇ ಆಗಬೇಕು, ಹೊದಿಕೆ ಹರಿದಿರಬಾರದು, ಸಹಿಯಿದ್ದರೆ ಇನ್ನೂ ಲೇಸು! ತಿರುವಿ ಓದಿದಷ್ಟೂ ಬೆಲೆ ಇಳಿಯುವ ವಸ್ತುವನ್ನು ಪುಸ್ತಕವೆನ್ನಬೇಕೋ ಷೇರುಪತ್ರವೆನ್ನಬೇಕೋ ನಮಗೆ ತಿಳಿಯದು. ಆದರೂ, ಸಂಗ್ರಾಹಕರಿಲ್ಲದಿದ್ದರೆ ಎಷ್ಟೋ ಗ್ರಂಥಗಳು ಗೆದ್ದಲಿಗೆ ಆಹಾರವಾಗುತ್ತಿದ್ದವೆಂಬುದನ್ನು ಒಪ್ಪಲೇಬೇಕು.

ಬ್ರೆಜಿಲಿನ ಸೆಬಾಸ್ಟಿಯಾವ್ ಸಾಲ್ಗಾಡೋ 1993ರಲ್ಲಿ 'ವರ್ಕರ್ಸ್' ಪ್ರಕಟಿಸಿ ಧನಬಾದಿನ ಕಲ್ಲಿದ್ದಲು ಕಾರ್ಮಿಕರ ಮುಖಗಳನ್ನು ಜಗತ್ತಿಗೆ ತೋರಿಸಿದ. ದೊಡ್ಡ ಕೆಲಸವೇ ಸರಿ. ಆದರೆ ಅದೂ ಭಾರದ ಪುಸ್ತಕ, ಭಾರದ ಬೆಲೆ. ಧನಬಾದಿನ ಎಷ್ಟು ಗುಡಿಸಲುಗಳಲ್ಲಿ ಅದು ಇದ್ದೀತು?

ಇತ್ತ ಕುರಕುಂಟಾದ ಸರಕಾರಿ ಸಿಮೆಂಟ್ ಕಾರ್ಖಾನೆ 1998ರಲ್ಲಿ ನಿಂತುಹೋಯಿತು. ಅಲ್ಲಿ ದುಡಿದವರು ಈಗ ಮುದುಕರು. ಗೇಟಿನ ಮುಂದೆ ಗುಂಪಾಗಿ ನಿಂತು ತೆಗೆಸಿಕೊಂಡದ್ದು, ಗುರುತಿನ ಚೀಟಿಗೆಂದು ತೆಗೆಸಿದ್ದು — ಇಂತಹ ಚಿತ್ರಗಳು ಅವರ ಟ್ರಂಕುಗಳ ತಳದಲ್ಲಿರಲೇಬೇಕು. ಎಡಪುಟದಲ್ಲಿ ಶಹಾಬಾದಿನ ಕಲ್ಲುಗಣಿ, ಬಲಪುಟದಲ್ಲಿ ಆ ಕಲ್ಲು ಹಾಸಿದ ನಡುಮನೆ, ವಾಡಿಯ ಚಿಮಣಿಯ ಎದುರಿಗೆ ಚಿಂಚೋಳಿಯ ತೊಗರಿ ಹೊಲ, ಚಿತ್ತಾಪುರದ ಸಂತೆ, ಕೊನೆಗೆ ಆ ಬೀಗ ಬಿದ್ದ ಗೇಟು. ಇದಕ್ಕೆ ಲಂಡನ್ ಬೇಡ. ಸೇಡಂನ ಒಬ್ಬ ಫೋಟೋಗ್ರಾಫರ್, ಕಲಬುರಗಿಯ ಒಂದು ಆಫ್‌ಸೆಟ್ ಮುದ್ರಣಾಲಯ, ಸಾಧಾರಣ ಕಾಗದ, ಒಂದು ಊಟದ ಬೆಲೆ ಸಾಕು. ಮೊದಲ ಪ್ರತಿ ಊರಿನ ಗ್ರಂಥಾಲಯಕ್ಕೆ.

ಅಲ್ಲಿಯವರೆಗೆ ಮನೆಯಲ್ಲಿರುವ ಫೋಟೋಗಳ ಹಿಂದೆ ಹೆಸರು, ಊರು, ವರ್ಷ ಬರೆದಿಡಿ. ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಮಸಿ ಬೇಡ, ಅದು ಮುಖಕ್ಕೆ ಇಳಿಯುತ್ತದೆ.