ಬಿಸಿಲು ಬೇಕು, ಚಿಕಿತ್ಸೆಯೂ ಬೇಕು



ಕಳೆದ ಮಳೆಗಾಲ ಮುಗಿದು ಬಿಸಿಲು ಕಂಡ ದಿನಗಳಲ್ಲಿ ಖಾನಾಪುರದ ಕಡೆಯ ಸದ್ಭಕ್ತರೊಬ್ಬರು ಬೆಳಗಾವಿಯ ನಮ್ಮ ಮನೆಗೆ ಬಂದಿದ್ದರು. ಅವರ ಅಣ್ಣನವರಿಗೆ ಮೆದುಳಿನ ಕ್ಯಾನ್ಸರ್; ಶಸ್ತ್ರಚಿಕಿತ್ಸೆಯಾಗಿತ್ತು. ಇನ್ನು ಆರು ವಾರ ವಿಕಿರಣ ಚಿಕಿತ್ಸೆ, ಜನರ ಮಾತಿನಲ್ಲಿ ‘ಕರೆಂಟು’, ಕೊಡಿಸಬೇಕೆಂದು ವೈದ್ಯರು ತಿಳಿಸಿದ್ದರು. “ದಿನಾ ಬಿಸಲಾಗ ಕುಂಡ್ರಿಸಿದ್ರ ಸಾಕಾಗೂದಿಲ್ಲೇನ್ರಿ, ಶಾಸ್ತ್ರಿಗಳೆ? ಬಿಸಲು ಕಾಸಿದವರು ಭಾಳ ದಿನಾ ಬದಕ್ತಾರಂತ” ಎಂದು ಅವರು ಕೇಳಿದರು.

ಈ ನಂಬಿಕೆಗೆ ಮೂಲವಿಲ್ಲದಿಲ್ಲ. ಬೆಳಕಿನಿಂದ ಚರ್ಮದ ಕ್ಷಯವನ್ನು ಗುಣಪಡಿಸಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಬಿಸಿಲು ಕಡಿಮೆಯಿರುವ ಸೀಮೆಗಳಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಸಾವು ಹೆಚ್ಚೆಂಬುದನ್ನು ಗಮನಿಸಿದ ಅಮೆರಿಕದ ಗಾರ್ಲೆಂಡ್ ಸಹೋದರರು, ಚರ್ಮವು ಬಿಸಿಲಿನಲ್ಲಿ ತಯಾರಿಸುವ ‘ಡಿ’ ಜೀವಸತ್ವವೇ ರಕ್ಷಕವಾಗಿರಬಹುದೆಂದು 1980ರಲ್ಲಿ ಊಹಿಸಿದರು.

ಊಹೆ ಬೇರೆ, ಪ್ರಮಾಣ ಬೇರೆ. ನಡೆಯಬಲ್ಲ ರೋಗಿ ಅಂಗಳಕ್ಕೆ ಬರುತ್ತಾನೆ. ಶಕ್ತಿಗುಂದಿದವನು ಒಳಗೇ ಮಲಗಿರುತ್ತಾನೆ. ಮೊದಲನೆಯವನು ಹೆಚ್ಚು ಕಾಲ ಬದುಕಿದರೆ ಅದು ಬಿಸಿಲಿನ ಫಲವೋ, ಮೊದಲೇ ಇದ್ದ ಶಕ್ತಿಯ ಫಲವೋ? ಇಂಥ ಸಂದೇಹ ನೀಗಲೆಂದೇ ಅಮೆರಿಕದಲ್ಲಿ 25,871 ಜನರ ಮೇಲೆ ಪರೀಕ್ಷೆ ನಡೆಯಿತು. ‘ಡಿ’ ಜೀವಸತ್ವದ ಮಾತ್ರೆಯಿಂದ ಕ್ಯಾನ್ಸರ್ ತಗಲುವುದು ಕಡಿಮೆಯಾಗಲಿಲ್ಲವೆಂದು 2018ರಲ್ಲಿ ಪ್ರಕಟವಾಯಿತು. ಅದು ರೋಗ ತಡೆಯುವ ಪರೀಕ್ಷೆ, ಮೆದುಳಿನ ಗಡ್ಡೆಯ ಚಿಕಿತ್ಸೆಯದಲ್ಲ. ಆದರೂ ಊಹೆಯನ್ನು ಔಷಧವೆಂದು ನಂಬಬಾರದೆಂಬ ಪಾಠ ಅದರಲ್ಲಿದೆ.

‘ಡಿ’ ಜೀವಸತ್ವವನ್ನು ಹುಟ್ಟಿಸುವ ಸೂರ್ಯಕಿರಣ ಚರ್ಮದ ಮೇಲ್ಪದರದಲ್ಲೇ ಹೀರಿಹೋಗುತ್ತದೆ. ತಲೆಬುರುಡೆಯನ್ನು ದಾಟಿ ಗಡ್ಡೆಯನ್ನು ಮುಟ್ಟುವುದಿಲ್ಲ. ಚಿಕಿತ್ಸೆಯ ವಿಕಿರಣ ಮುಟ್ಟುತ್ತದೆ. ಗ್ಲಿಯೊಬ್ಲಾಸ್ಟೋಮಾ ಎಂಬ ಉಗ್ರ ಗಡ್ಡೆಯ 573 ರೋಗಿಗಳ ಪರೀಕ್ಷೆಯ ಫಲ 2005ರಲ್ಲಿ ಹೊರಬಂತು. ವಿಕಿರಣ ಮಾತ್ರ ಪಡೆದವರಲ್ಲಿ ಎರಡು ವರ್ಷ ಬದುಕಿದವರು ನೂರಕ್ಕೆ ಸುಮಾರು 10. ಜೊತೆಗೆ ಟೆಮೊಜೊಲೊಮೈಡ್ ಮಾತ್ರೆಯನ್ನೂ ಪಡೆದವರಲ್ಲಿ ಸುಮಾರು 26. ಅಲ್ಪವೆನ್ನಿಸಬಹುದು; ಆ ಮನೆಗಳಿಗೆ ಅದು ಅಲ್ಪವಲ್ಲ.

ಇದನ್ನೆಲ್ಲ ಹೇಳಿ, “ಬಿಸಿಲನ್ನು ಬಿಡಬೇಡಿ, ಚಿಕಿತ್ಸೆಯನ್ನಂತೂ ಬಿಡಲೇಬೇಡಿ” ಎಂದೆವು. ವೈದ್ಯರನ್ನು ಕೇಳಿ ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕುಳಿತರೆ ರೋಗಿಯ ಮನಸ್ಸು ಅರಳೀತು. ಆದರೆ ವಿಕಿರಣ ಪಡೆದ ನೆತ್ತಿಗೆ ಬಿಸಿಲು ತಾಗಬಾರದು; ಮೆತ್ತನೆಯ ಬಟ್ಟೆಯಿರಲಿ.

ಅವರು ಅಣ್ಣನವರನ್ನು ವಾರಕ್ಕೆ ಐದು ದಿನ ಬೆಳಗಾವಿಗೆ ಕರೆತಂದು ಆರು ವಾರ ಪೂರೈಸಿದರು. ಮುಂದಿನದನ್ನು ಹೇಳಬಲ್ಲವರು ನಾವಲ್ಲ. ಆದರೆ ದೊರೆಯಬಹುದಾದ ದಿನಗಳನ್ನು ಅಂಗಳದಲ್ಲಿ ಕಾಯುತ್ತ ಕಳೆದೆವೆಂಬ ಕೊರಗು ಆ ಮನೆಗಿಲ್ಲ.